ಹನ್ನೊಂದು ಮೈಲಿ ಡಾಂಬರು

ಅವನ ಕಚೇರಿಯ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ;
ಬೀಗ ಬದಲಾಗಿ ಯಾವ ಕಾಲವಾಯಿತು.
ಔಷಧಿ ಅಂಗಡಿಯ ಮೇಲಿನ ಕೋಣೆ, ಮೂರು ಕುರ್ಚಿ, ಕೆಮ್ಮುವ ಹೀಟರು,
ಇಪ್ಪತ್ತೆರಡು ವರ್ಷ ನಾನು ಟೈಪು ಮಾಡಿದ
‘ನಿಮ್ಮ ಪತ್ರ ತಲುಪಿತು, ಮಂತ್ರಿಗಳ ಗಮನಕ್ಕೆ ತರಲಾಗಿದೆ.’

ನೆಸ್ಟರ್ ಹೊಲೋವ್ಕಾ, ಝೋರ್ಯಾ ಕ್ಷೇತ್ರದ ಶಾಸಕ.
ಅದಕ್ಕೂ ಮೊದಲು ಗೋಧಿ ತೂಗುವವನು,
ರೈಲು ಹಳಿಯ ಪಕ್ಕದ ಎತ್ತರದ ಮರದ ಕಣಜದಲ್ಲಿ.
ತಕ್ಕಡಿಯನ್ನು ಹೆಬ್ಬೆರಳಿಂದ ಒತ್ತದವನು ಎಂದು ಹೆಸರು.
ಸಸ್ಕಾಚೆವನ್ನಿನ ಬಯಲಲ್ಲಿ
ಅಷ್ಟು ಸಾಕಿತ್ತು, ಆಗ, ಒಂದು ಚುನಾವಣೆಗೆ.

ಭಾಷಣ ಬರುತ್ತಿರಲಿಲ್ಲ.
ಉಕ್ರೇನಿಯನ್ನಿನಲ್ಲಿ ಶುರುಮಾಡಿ, ಇಂಗ್ಲಿಷಿನಲ್ಲಿ ತಡವರಿಸಿ,
ಕೊನೆಗೆ ಮಳೆಯ ಮಾತಿಗೆ ಬಂದು ನಿಲ್ಲುತ್ತಿದ್ದ.
ಜನ ಚಪ್ಪಾಳೆ ತಟ್ಟುತ್ತಿದ್ದರು, ಮಳೆಗೋ ಅವನಿಗೋ.
ಆದರೆ ಮದುವೆಮನೆಗೆ ಕರೆದರೆ ಸಾಕು,
ಆಲೂಗಡ್ಡೆ ಕಡುಬು ಮೂರು ತಟ್ಟೆ.
ಡಾಕ್ಟರು ಬೇಡವೆಂದಿದ್ದಾರೆ ಎಂದು ನಾನು ಕಣ್ಣು ಬಿಟ್ಟರೆ ಪಿಸುಗುಟ್ಟುವನು:
‘ಒಂದು ಮನೆಯ ಕಡುಬು ಬೇಡವೆಂದರೆ ಆರು ಓಟು ಹೋಯಿತು, ಲೆಕ್ಕ ಇಟ್ಟುಕೋ.’

ರಿಜೈನದ ಸಭೆಯಲ್ಲಿ ಅವನದು ಹಿಂದಿನ ಸಾಲು, ಕಂಬದ ಪಕ್ಕ.
ಮೊದಲ ಅವಧಿಯಲ್ಲಿ ಎದ್ದು ನಿಂತದ್ದು ನಾಲ್ಕು ಸಲ:
ಮೂರು ಸಲ ರಸ್ತೆಗೆ,
ಒಂದು ಸಲ ಯಾರಾದರೂ ಆ ಕಿಟಕಿ ಮುಚ್ಚಿ ಎಂದು ಕೇಳಲು.
ಎಲ್ಲ ದಾಖಲಾಗಿದೆ. ಕಿಟಕಿಯೂ.

ಏಳು ವರ್ಷ ಬೇಡಿ ಬೇಡಿ ಹನ್ನೊಂದು ಮೈಲಿ ಡಾಂಬರು ತಂದ.
ಅದು ಹೋಗಿ ನಿಂತದ್ದು ಅವನಿಗೆಂದೂ ಓಟು ಹಾಕದ
ವಾಲ್ಟರ್ ಫ್ರೀಸನ್‌ನ ಗೇಟಿನೆದುರು.
ಅಲ್ಲಿಂದಾಚೆ, ಅವನ ಸ್ವಂತ ಮನೆಯವರೆಗೆ, ಜಲ್ಲಿಕಲ್ಲು.
ಎಂಥ ಪ್ರಾಮಾಣಿಕ ಎಂದವರುಂಟು.
ನನಗೆ ಗೊತ್ತು: ದುಡ್ಡು ಅಲ್ಲಿಗೇ ಮುಗಿದಿತ್ತು.

ಆಮೇಲೆ ಆ ಮಾರ್ಚಿ ತಿಂಗಳು.
ಖಜಾನೆ ಬರಿದು. ಮುಚ್ಚಬೇಕಾದ ಆಸ್ಪತ್ರೆಗಳ ಪಟ್ಟಿ ಬಂತು,
ಅಕ್ಷರಾನುಕ್ರಮದಲ್ಲಿ. ಝೋರ್ಯಾ ಕಟ್ಟಕಡೆಗೆ.
ಎಂಟು ಹಾಸಿಗೆ, ಹಸಿರು ಬಾಗಿಲು,
ಊರಿನ ಅರ್ಧ ಜನ ಕಣ್ಣು ಬಿಟ್ಟದ್ದು ಅಲ್ಲಿ; ನನ್ನ ಇಬ್ಬರೂ.
ಪಕ್ಷ ಕೈ ಎತ್ತು ಎಂದಿತು. ಎತ್ತಿದ.
ಆ ರಾತ್ರಿ ಫೋನಿನಲ್ಲಿ ಕೇಳಿದ್ದು ಇಷ್ಟೇ:
‘ಅಲ್ಲಿ ಹಿಮ ಬೀಳುತ್ತಿದೆಯಾ?’
ಬೀಳುತ್ತಿದೆ, ಇವತ್ತು ಹೊರಡಬೇಡ ಎಂದೆ.
ಬೀಳುತ್ತಿರಲಿಲ್ಲ.
ಕಚೇರಿಯ ಮೆಟ್ಟಿಲ ಮೇಲೆ ಆಗಲೇ ಹದಿನಾಲ್ಕು ಜನ ಕೂತಿದ್ದರು.

ಮೂವತ್ತೊಂದು ಓಟಿನಿಂದ ಸೋತ.
ಎಣಿಕೆ ಮುಗಿದು ಕೋಟು ಹುಡುಕುತ್ತ ಅಂದ,
‘ಐದು ಮನೆಯ ಕಡುಬು, ಮೇಲೊಬ್ಬರು.’
ಆ ಮೇಲಿನ ಒಬ್ಬರು ಯಾರೆಂದು ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಮೇಜು ಖಾಲಿ ಮಾಡುವಾಗ ಖಾನೆಯಲ್ಲೊಂದು ನೋಟುಬುಕ್ಕು.
ನಾನಂದುಕೊಂಡೆ, ಋಣಗಳ ಲೆಕ್ಕ.
ಎಡಕ್ಕೆ ಹೊಲದ ನಂಬರು, ಬಲಕ್ಕೆ ಹೆಸರು:
ಸಿರ್ಕೊ. ಡ್ಯೂಕ್. ರ್ಯಾಬ್ಕೊ. ಮುದಿ ಮಿಸ್ಸಿ, ಕುರುಡು, ಎಡಗಡೆಯಿಂದ ಹೋಗಬೇಕು.
‘ಮಕ್ಕಳ ಹೆಸರು ತಪ್ಪಿದರೆ ನಗುತ್ತಾರೆ,
ನಾಯಿಯದು ತಪ್ಪಿದರೆ ಬಾಗಿಲೇ ತೆರೆಯುವುದಿಲ್ಲ’ ಎಂದು
ಕೈಯಿಂದ ಕಸಿದುಕೊಂಡ. ‘ಇದು ಸರ್ಕಾರದ್ದಲ್ಲ.’

ಮತ್ತೆ ಶಾಲೆಯ ಬಸ್ಸು ಓಡಿಸಿದ, ಅದೇ ಹನ್ನೊಂದು ಮೈಲಿ.
ದೊಡ್ಡವರು ಅಡಿಗೆಮನೆಯ ಪರದೆಯ ಹಿಂದೆಯೇ ಉಳಿದರು.
ನಾಯಿಗಳು ಓಡಿ ಬರುತ್ತಿದ್ದವು.

ಹೋದ ಶರತ್ತಿನಲ್ಲಿ, ಮಣ್ಣು ಮಾಡಿ ಬಂದ ಮೇಲೆ,
ಅವನ ಮಗಳು ಆ ಪುಸ್ತಕ ನನಗೆ ತಂದುಕೊಟ್ಟಳು.
ಸೋತ ಮೇಲೂ ಒಂಬತ್ತು ವರ್ಷ ತಿದ್ದಿದ್ದಾನೆ.
ಫ್ರೀಸನ್‌ನ ನಂಬರಿನೆದುರು
ಬಿಂಗೊ, ಹೊಡೆದುಹಾಕಿದೆ. ಟಕರ್, ಹೊಡೆದುಹಾಕಿದೆ.
ಕೆಳಗೆ ಪೆನ್ಸಿಲಿನಲ್ಲಿ, ನಡುಗಿದ ಅಕ್ಷರ:
ಹೊಸ ಮರಿ. ಹೆಸರು ಕೇಳಬೇಕು.